ಇನ್ನೊಂದು ದೇಶದ ಕುರ್ಚಿಯಲ್ಲಿ

ಸರ್ಕಾರಗಳ ಮೇಲೆ ಇನ್ನೊಂದು ಸರ್ಕಾರವಿಲ್ಲದ ಲೋಕದಲ್ಲಿ ದೇಶಗಳು ಒಂದರ ಜೊತೆ ಒಂದು ಹೇಗೆ ಬಾಳುತ್ತವೆ ಎಂಬುದರ ಅಧ್ಯಯನಕ್ಕೆ ಅಂತರರಾಷ್ಟ್ರೀಯ ಸಂಬಂಧಗಳು ಎಂದು ಹೆಸರು. ಹೊಲದ ಬದುವಿನ ವಿಚಾರದಲ್ಲಿ ಇಬ್ಬರು ರೈತರಿಗೆ ತಕರಾರು ಬಂದರೆ ಸರ್ವೆಯವರು ಬಂದು ಅಳೆಯುತ್ತಾರೆ. ತಹಶೀಲ್ದಾರರ ಕಚೇರಿ ಇದೆ, ಕೋರ್ಟು ಇದೆ, ತೀರ್ಪನ್ನು ಜಾರಿಗೆ ತರಲು ಪೊಲೀಸರಿದ್ದಾರೆ. ಎರಡು ದೇಶಗಳಿಗೆ ಗಡಿಯ ತಕರಾರು ಬಂದಾಗ ಹತ್ತಲು ಇಂಥ ಮೆಟ್ಟಿಲುಗಳಿಲ್ಲ. ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯ ವಿಚಾರಣೆ ನಡೆಸಬೇಕಾದರೂ ಒಂದಲ್ಲ ಒಂದು ರೀತಿಯಲ್ಲಿ ಎರಡೂ ದೇಶಗಳ ಒಪ್ಪಿಗೆ ಇರಬೇಕು. ಹಾಗಿದ್ದೂ ದೇಶಗಳು ದಿನ ಬೆಳಗಾದರೆ ಹೊಡೆದಾಡುತ್ತ ಕೂತಿಲ್ಲ. ಟಪಾಲು ಗಡಿ ದಾಟುತ್ತದೆ, ವಿಮಾನ ಇಳಿಯುತ್ತದೆ, ಸಾಲ ಹುಟ್ಟುತ್ತದೆ, ಒಪ್ಪಂದಗಳು ಬಹುಪಾಲು ನಡೆದುಕೊಂಡು ಹೋಗುತ್ತವೆ. ಅವು ಯಾವಾಗ ನಡೆಯುತ್ತವೆ, ಯಾವಾಗ ಮುರಿದುಬೀಳುತ್ತವೆ, ಏಕೆ ಎನ್ನುವುದೇ ಈ ಶಾಸ್ತ್ರದ ಮೂಲಪ್ರಶ್ನೆ.

ಈ ಪ್ರಶ್ನೆಯನ್ನು ಹದಿನೈದರಿಂದ ಹದಿನೆಂಟು ವರ್ಷದ ಮಕ್ಕಳ ಮುಂದೆ ಇಡುವ ಬೇಸಿಗೆ ಶಿಬಿರಗಳು ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ ನಡೆಯುತ್ತವೆ. ಅಲ್ಲಿನ ಹೈಸ್ಕೂಲು ಎಂದರೆ ಒಂಬತ್ತನೆಯ ತರಗತಿಯಿಂದ ಹನ್ನೆರಡನೆಯದರವರೆಗೆ. ಕರ್ನಾಟಕದ ಲೆಕ್ಕದಲ್ಲಿ ಎರಡನೆಯ ಪಿಯುಸಿ ಮುಗಿಯುವತನಕ. ಜೂನ್ ತಿಂಗಳಿಂದ ಆಗಸ್ಟ್‌ವರೆಗೆ ಅಲ್ಲಿ ಬೇಸಿಗೆ ರಜೆ. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಊರಿಗೆ ಹೋಗಿರುತ್ತಾರೆ, ಹಾಸ್ಟೆಲುಗಳು ಖಾಲಿ ಇರುತ್ತವೆ, ಗ್ರಂಥಾಲಯ ತೆರೆದಿರುತ್ತದೆ. ಆ ಬಿಡುವಿನಲ್ಲಿ ಒಂದು ವಾರದಿಂದ ಐದಾರು ವಾರದವರೆಗೆ ಹೈಸ್ಕೂಲು ಮಕ್ಕಳನ್ನು ಕರೆಸಿ ಪಾಠ ಹೇಳುವುದು ಈ ಶಿಬಿರಗಳ ಕ್ರಮ. ವೈದ್ಯಕೀಯ, ಕಂಪ್ಯೂಟರ್, ಪತ್ರಿಕೋದ್ಯಮಗಳಂತೆ ಅಂತರರಾಷ್ಟ್ರೀಯ ಸಂಬಂಧಗಳೂ ಅವುಗಳಲ್ಲಿ ಒಂದು ವಿಷಯ. ಆದರೆ ಈ ವಿಷಯ ಕಲಿಸುವ ರೀತಿಯಲ್ಲಿ ಒಂದು ವಿಶೇಷವಿದೆ: ಇಲ್ಲಿ ವಿದ್ಯಾರ್ಥಿ ಹೆಚ್ಚಿನ ಹೊತ್ತು ತನ್ನದಲ್ಲದ ದೇಶದ ಪರವಾಗಿ ಮಾತಾಡಬೇಕು.

ಶಾಸ್ತ್ರವಾಗಿ ಈ ವಿಷಯಕ್ಕೆ ನೂರು ವರ್ಷ ದಾಟಿದ ವಯಸ್ಸು. ಮೊದಲ ಮಹಾಯುದ್ಧ ಮುಗಿದ ಬೆನ್ನಿಗೆ, 1919ರಲ್ಲಿ, ವೇಲ್ಸ್ ನಾಡಿನ ಕಡಲತೀರದ ಊರಾದ ಅಬರಿಸ್ಟ್ವಿತ್‌ನ ಕಾಲೇಜಿನಲ್ಲಿ ಅಂತರರಾಷ್ಟ್ರೀಯ ರಾಜಕಾರಣದ ಮೊದಲ ಪ್ರಾಧ್ಯಾಪಕ ಪೀಠ ಹುಟ್ಟಿತು. ಯುದ್ಧದಲ್ಲಿ ಸತ್ತ ಆ ಕಾಲೇಜಿನ ವಿದ್ಯಾರ್ಥಿಗಳ ನೆನಪಿಗೆ ಡೇವಿಡ್ ಡೇವೀಸ್ ಎಂಬ ದಾನಿ ಮತ್ತು ಅವರ ಇಬ್ಬರು ತಂಗಿಯರು 20,000 ಪೌಂಡ್ ಕೊಟ್ಟು ಅದನ್ನು ಸ್ಥಾಪಿಸಿದರು. ಲಕ್ಷಗಟ್ಟಲೆ ತರುಣರನ್ನು ನುಂಗಿದ ಯುದ್ಧ ಶುರುವಾದದ್ದಾದರೂ ಹೇಗೆ, ಮತ್ತೆ ಬರದಂತೆ ತಡೆಯುವುದು ಹೇಗೆ ಎಂಬ ತಳಮಳವೇ ಶಾಸ್ತ್ರದ ಹುಟ್ಟಿಗೆ ಕಾರಣವಾಯಿತು. ಅದೇ ವರ್ಷ ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಎಡ್ಮಂಡ್ ವಾಲ್ಶ್ ಎಂಬ ಜೆಸ್ಯೂಟ್ ಪಾದ್ರಿ ವಿದೇಶಾಂಗ ಸೇವೆಯ ಶಾಲೆಯನ್ನು ತೆರೆದರು.

ಬೇಸಿಗೆಯಲ್ಲಿ ಈ ವಿಷಯ ಕಲಿಸುವ ಪದ್ಧತಿಯೂ ಆ ಕಾಲದ್ದೇ. ಅಬರಿಸ್ಟ್ವಿತ್ ಪೀಠದಲ್ಲಿ ಮೊದಲು ಕೂತ ಆಲ್ಫ್ರೆಡ್ ಜಿಮರ್ನ್, 1920ರ ದಶಕದಲ್ಲಿ ಜಿನೀವಾದಲ್ಲಿ ಒಂದು ಬೇಸಿಗೆ ಶಾಲೆ ನಡೆಸಲು ಆರಂಭಿಸಿದರು. ವಿಶ್ವಸಂಸ್ಥೆಗೂ ಮುಂಚಿನ ರಾಷ್ಟ್ರಸಂಘದ ಕಚೇರಿ ಇದ್ದ ಊರು ಅದು. ಹಲವು ದೇಶಗಳ ವಿದ್ಯಾರ್ಥಿಗಳು ಅಲ್ಲಿ ಕೆಲವು ವಾರ ಒಟ್ಟಿಗಿದ್ದು ಉಪನ್ಯಾಸ ಕೇಳುತ್ತಿದ್ದರು, ರಾಷ್ಟ್ರಸಂಘದ ಕಲಾಪ ನೋಡುತ್ತಿದ್ದರು, ತಮ್ಮತಮ್ಮಲ್ಲೇ ವಾದಿಸುತ್ತಿದ್ದರು. ಎರಡನೆಯ ಮಹಾಯುದ್ಧ ಬಂದು ಆ ಶಾಲೆ ನಿಂತಿತು. ಆದರೆ ಅದು ಹಾಕಿಕೊಟ್ಟ ಮೇಲ್ಪಂಕ್ತಿ ಉಳಿಯಿತು: ಉಪನ್ಯಾಸ, ಸಂಸ್ಥೆಗಳ ಭೇಟಿ, ಬೇರೆ ದೇಶದವರ ಜೊತೆ ಒಂದೇ ಮೇಜಿನಲ್ಲಿ ಊಟ ಮತ್ತು ವಾದ. ಈಗಿನ ಶಿಬಿರಗಳೂ ಹೆಚ್ಚುಕಡಿಮೆ ಈ ಮೂರರ ಮೇಲೇ ನಿಂತಿವೆ.

ಇಂದು ಇಂಥ ಶಿಬಿರಗಳಲ್ಲಿ ಹೆಸರಾದದ್ದು ಜಾರ್ಜ್‌ಟೌನ್‌ನದು. ನ್ಯೂಹೇವನ್ನಿನಲ್ಲಿ ಯೇಲ್ ವಿಶ್ವವಿದ್ಯಾಲಯ ನಡೆಸುವ ಯಂಗ್ ಗ್ಲೋಬಲ್ ಸ್ಕಾಲರ್ಸ್ ಎಂಬ ಎರಡು ವಾರದ ಶಿಬಿರಕ್ಕೆ ಅನೇಕ ದೇಶಗಳ ಮಕ್ಕಳು ಬರುತ್ತಾರೆ. ಜಾರ್ಜ್‌ಟೌನ್‌ಗೆ ಇರುವ ಅನುಕೂಲ ಅದರ ಊರು. ಅಮೆರಿಕದ ವಿದೇಶಾಂಗ ಇಲಾಖೆ, ವಿಶ್ವ ಬ್ಯಾಂಕು, ಅಂತರರಾಷ್ಟ್ರೀಯ ಹಣಕಾಸು ನಿಧಿ, ನೂರೆಪ್ಪತ್ತಕ್ಕೂ ಹೆಚ್ಚು ರಾಯಭಾರ ಕಚೇರಿಗಳು, ಎಲ್ಲವೂ ಒಂದೇ ನಗರದಲ್ಲಿವೆ. ಪುಸ್ತಕದಲ್ಲಿ ಬೆಳಿಗ್ಗೆ ಓದಿದ ಸಂಸ್ಥೆಯ ಬಾಗಿಲಿಗೆ ಮಧ್ಯಾಹ್ನ ಹೋಗಿ ನಿಲ್ಲಬಹುದು.

ನಗರದ ಮಸಾಚುಸೆಟ್ಸ್ ಅವೆನ್ಯೂ ಎಂಬ ರಸ್ತೆಯ ಇಕ್ಕೆಲದಲ್ಲಿ ರಾಯಭಾರ ಕಚೇರಿಗಳು ಸಾಲುಗಟ್ಟಿವೆ. ಭಾರತದ ಕಚೇರಿಯ ಎದುರಿಗೆ ಕೋಲು ಹಿಡಿದು ನಡೆಯುತ್ತಿರುವ ಗಾಂಧೀಜಿಯ ಪ್ರತಿಮೆಯಿದೆ. 2000ದಲ್ಲಿ ಪ್ರಧಾನಿ ವಾಜಪೇಯಿಯವರು ಅಧ್ಯಕ್ಷ ಕ್ಲಿಂಟನ್ ಅವರ ಸಮ್ಮುಖದಲ್ಲಿ ಅದನ್ನು ಅನಾವರಣ ಮಾಡಿದರು. ಅದೇ ರಸ್ತೆಯಲ್ಲಿ ಮುಂದೆ ಹೋದರೆ ಬ್ರಿಟನ್ನಿನ ಕಚೇರಿಯ ಅಂಚಿನಲ್ಲಿ ಚರ್ಚಿಲ್ ಪ್ರತಿಮೆ ಸಿಗುತ್ತದೆ. ಒಂದು ಕಾಲು ರಾಯಭಾರ ಕಚೇರಿಯ ಜಾಗದಲ್ಲಿ, ಇನ್ನೊಂದು ಅಮೆರಿಕದ ನೆಲದಲ್ಲಿ ಇರುವಂತೆ ಅದನ್ನು ನಿಲ್ಲಿಸಿದ್ದಾರೆ. ಈ ಪ್ರತಿಮೆ ಒಂದು ಒಳ್ಳೆಯ ಪಾಠಕ್ಕೆ ದಾರಿಯಾಗುತ್ತದೆ. ರಾಯಭಾರ ಕಚೇರಿಯ ಆವರಣವೆಂದರೆ ಪರದೇಶದ ನೆಲ ಎಂದೇ ಹೆಚ್ಚಿನವರ ತಿಳಿವಳಿಕೆ, ಅದು ಸರಿಯಲ್ಲ. ನೆಲ ಆತಿಥೇಯ ದೇಶದ್ದೇ. ಆದರೆ 1961ರ ವಿಯೆನ್ನಾ ಒಡಂಬಡಿಕೆಯ ಪ್ರಕಾರ ಕಚೇರಿಯ ಮುಖ್ಯಸ್ಥರ ಒಪ್ಪಿಗೆಯಿಲ್ಲದೆ ಸ್ಥಳೀಯ ಪೊಲೀಸರು ಒಳಗೆ ಕಾಲಿಡುವಂತಿಲ್ಲ. ವಿಕಿಲೀಕ್ಸ್‌ನ ಜೂಲಿಯನ್ ಅಸಾಂಜ್ 2012ರಿಂದ 2019ರವರೆಗೆ ಲಂಡನ್ನಿನ ಈಕ್ವೆಡಾರ್ ಕಚೇರಿಯೊಳಗೆ ಉಳಿಯಲು ಆದದ್ದು ಇದರಿಂದಲೇ. ಈಕ್ವೆಡಾರ್ ಕರೆದ ದಿನವೇ ಬ್ರಿಟಿಷ್ ಪೊಲೀಸರು ಮೆಟ್ಟಿಲು ಹತ್ತಿದ್ದು.

ಶಿಬಿರದ ದಿನಚರಿ ಹೆಚ್ಚಿನ ಕಡೆ ಒಂದೇ ಬಗೆಯದು. ಬೆಳಿಗ್ಗೆ ದೊಡ್ಡ ಸಭಾಂಗಣದಲ್ಲಿ ಪ್ರಾಧ್ಯಾಪಕರ ಅಥವಾ ನಿವೃತ್ತ ರಾಜತಾಂತ್ರಿಕರ ಉಪನ್ಯಾಸ. ಆಮೇಲೆ ಹತ್ತು ಹದಿನೈದು ಮಂದಿಯ ಚಿಕ್ಕ ಗುಂಪುಗಳಲ್ಲಿ ಚರ್ಚೆ. ಅದನ್ನು ನಡೆಸುವವರು ಸಾಮಾನ್ಯವಾಗಿ ಅದೇ ವಿಷಯದಲ್ಲಿ ಸಂಶೋಧನೆ ಮಾಡುತ್ತಿರುವ ಎಳೆಯರು. ಮಧ್ಯಾಹ್ನ ಹೊರಗಿನ ಭೇಟಿ. ರಾತ್ರಿ ಮರುದಿನದ ಓದು. ಕೊನೆಯ ಕೆಲವು ದಿನ ಪಾಠಗಳು ನಿಂತು, ಕಲಿತದ್ದನ್ನೆಲ್ಲ ಒಂದು ಕಾಲ್ಪನಿಕ ಬಿಕ್ಕಟ್ಟಿನಲ್ಲಿ ಪ್ರಯೋಗಿಸುವ ಅಭ್ಯಾಸ ನಡೆಯುತ್ತದೆ.

ಓದಿಗೆ ಕೊಡುವ ಮೊದಲ ಪಾಠ ಅನೇಕ ಕಡೆ ಎರಡು ಸಾವಿರದ ನಾನೂರು ವರ್ಷ ಹಳೆಯದು. ಕ್ರಿಸ್ತಪೂರ್ವ 416ರಲ್ಲಿ ಅಥೆನ್ಸಿನ ನೌಕಾಪಡೆ ಮೀಲೋಸ್ ಎಂಬ ಪುಟ್ಟ ದ್ವೀಪಕ್ಕೆ ಬಂತು. ಶರಣಾಗಿ ಕಪ್ಪ ಕೊಡಿ, ಇಲ್ಲವೇ ನಾಶವಾಗಿ ಎಂದಿತು. ದ್ವೀಪದವರು ನ್ಯಾಯದ ಮಾತು ತೆಗೆದರು. ಬಂದವರು ಬಲದ ಮಾತು ಆಡಿದರು. ದ್ವೀಪ ಬಗ್ಗಲಿಲ್ಲ. ಕೊನೆಗೆ ಗಂಡಸರನ್ನು ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿ ಮಾರಿದರು. ಗ್ರೀಕ್ ಇತಿಹಾಸಕಾರ ಥೂಸಿಡಿಡೀಸ್ ಈ ಮಾತುಕತೆಯನ್ನು ನಾಟಕದ ಸಂಭಾಷಣೆಯಂತೆ ಬರೆದಿಟ್ಟಿದ್ದಾನೆ. ತರಗತಿಯನ್ನು ಎರಡು ಭಾಗ ಮಾಡಿ ಒಂದು ಕಡೆಯವರು ಅಥೆನ್ಸ್, ಇನ್ನೊಂದು ಕಡೆಯವರು ಮೀಲೋಸ್ ಆಗಿ ವಾದಿಸುವುದುಂಟು. ಅರ್ಧ ಗಂಟೆಯ ಬಳಿಕ ಪಾತ್ರ ಅದಲುಬದಲಾಗುತ್ತದೆ. ಅಷ್ಟು ಹೊತ್ತು ಧರ್ಮದ ಮಾತಾಡಿದ ಹುಡುಗಿ ಈಗ ಕಪ್ಪ ಕೇಳಬೇಕು.

ಆಮೇಲೆ ಶಾಸ್ತ್ರದ ಮೂರು ಪಂಥಗಳ ಪರಿಚಯ. ದೇಶಗಳು ಮೊದಲು ನೋಡುವುದು ತಮ್ಮ ಬಲ ಮತ್ತು ಭದ್ರತೆಯನ್ನು ಎನ್ನುವ ಪಂಥಕ್ಕೆ ವಾಸ್ತವವಾದ ಎಂದು ಹೆಸರು. ಹಾನ್ಸ್ ಮಾರ್ಗೆಂಥಾವ್ 1948ರಲ್ಲಿ ಬರೆದ ಗ್ರಂಥದಿಂದ ಅದು ಆಧುನಿಕ ಶಾಸ್ತ್ರದಲ್ಲಿ ಗಟ್ಟಿಯಾಗಿ ನೆಲೆಯೂರಿತು. ಎರಡನೆಯದು ಉದಾರವಾದ. ವ್ಯಾಪಾರ, ಕಾನೂನು, ಜನಪ್ರತಿನಿಧಿ ಸರ್ಕಾರ, ಜಂಟಿ ಸಂಸ್ಥೆಗಳು ಬೆಳೆದಂತೆ ಯುದ್ಧದ ಆಸೆ ಕುಗ್ಗುತ್ತದೆ ಎಂಬುದು ಅದರ ನಂಬಿಕೆ. ಶಾಶ್ವತ ಶಾಂತಿಯ ಬಗ್ಗೆ ಜರ್ಮನ್ ತತ್ತ್ವಜ್ಞಾನಿ ಕಾಂಟ್ 1795ರಲ್ಲಿ ಬರೆದ ಪ್ರಬಂಧ ಅದರ ಮೂಲಗಳಲ್ಲೊಂದು. ಮೂರನೆಯ ಪಂಥ ಈಚಿನದು. ಯಾರು ಶತ್ರು, ಯಾರು ಮಿತ್ರ ಎಂಬ ಭಾವನೆಯೇ ಬಹುಮಟ್ಟಿಗೆ ದೇಶಗಳ ಒಡನಾಟದಲ್ಲಿ ಕಟ್ಟಿಕೊಂಡದ್ದು ಎನ್ನುತ್ತದೆ ಅದು. ಅದರ ಪ್ರಕಾರ ಬ್ರಿಟನ್ನಿನ ನೂರಾರು ಅಣ್ವಸ್ತ್ರಗಳಿಗೆ ಅಮೆರಿಕ ಹೆದರದೆ, ಉತ್ತರ ಕೊರಿಯಾದ ಅದಕ್ಕಿಂತ ಕಡಿಮೆ ಅಸ್ತ್ರಗಳಿಗೆ ಹೆದರುವುದನ್ನು ಬರೀ ಬಲದ ಲೆಕ್ಕ ವಿವರಿಸಲಾರದು.

ವಾಸ್ತವವಾದದ ಪಾಠದಲ್ಲಿ ಕೌಟಿಲ್ಯನ ಹೆಸರು ಬರುತ್ತದೆ. ಜೊತೆಗೆ ಮೈಸೂರಿನ ಹೆಸರೂ ಬರಬೇಕು. ಶತಮಾನಗಳ ಕಾಲ ಹೆಸರಷ್ಟೇ ಕೇಳಿಬರುತ್ತಿದ್ದ ಅವನ ಅರ್ಥಶಾಸ್ತ್ರದ ಪೂರ್ಣ ಪಠ್ಯ ಸಿಕ್ಕಿದ್ದು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ. ತಂಜಾವೂರು ಕಡೆಯ ಪಂಡಿತರೊಬ್ಬರು ತಂದೊಪ್ಪಿಸಿದ ಗ್ರಂಥ ಲಿಪಿಯ ತಾಳೆಗರಿಯ ಕಟ್ಟನ್ನು 1905ರಲ್ಲಿ ಗುರುತಿಸಿದವರು ಗ್ರಂಥಾಲಯದ ಪಂಡಿತರಾಗಿದ್ದ ಆರ್. ಶಾಮಾಶಾಸ್ತ್ರಿಗಳು. 1909ರಲ್ಲಿ ಅವರು ಸಂಸ್ಕೃತ ಪಠ್ಯವನ್ನು ಅಚ್ಚು ಹಾಕಿಸಿದರು. 1915ರಲ್ಲಿ ಇಂಗ್ಲಿಷ್ ಅನುವಾದ ಹೊರಬಂತು. ನೆರೆಯ ರಾಜ ಸಹಜ ಶತ್ರು, ಅವನಾಚೆಯ ರಾಜ ಸಹಜ ಮಿತ್ರ ಎಂದು ಸಾಗುವ ಹನ್ನೆರಡು ರಾಜರ ಮಂಡಲ, ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ ಎಂಬ ಆರು ನೀತಿಗಳು, ಇವನ್ನು ಈಗಿನ ಭೂಪಟದ ಮೇಲಿಟ್ಟು ನೋಡುವುದು ತರಗತಿಗೆ ಒಳ್ಳೆಯ ಅಭ್ಯಾಸ. ಎಲ್ಲಿ ಹೊಂದುತ್ತದೆ ಎನ್ನುವಷ್ಟೇ ಎಲ್ಲಿ ಹೊಂದುವುದಿಲ್ಲ ಎನ್ನುವುದೂ ಕಲಿಸುತ್ತದೆ. ಕೆನಡ ಮತ್ತು ಅಮೆರಿಕದ ಗಡಿ ಲೋಕದಲ್ಲೇ ಅತಿ ಉದ್ದದ್ದು, ಆದರೂ ಆ ನೆರೆಯವರು ಶತ್ರುಗಳಾಗಿಲ್ಲ.

ಪಂಥಗಳ ಪರಿಚಯವಾದ ಮೇಲೆ ಒಂದು ಘಟನೆಯನ್ನು ಬಿಡಿಸಿ ನೋಡುವ ಕ್ರಮ ಕಲಿಸುತ್ತಾರೆ. ರಾಜ್ಯಶಾಸ್ತ್ರಜ್ಞ ಕೆನೆತ್ ವಾಲ್ಟ್ಸ್ 1959ರಲ್ಲಿ ಹೇಳಿದ ಮೂರು ಹಂತಗಳು ಇದಕ್ಕೆ ಆಧಾರ: ವ್ಯಕ್ತಿ, ದೇಶದ ಒಳಗಿನ ವ್ಯವಸ್ಥೆ, ದೇಶಗಳೆಲ್ಲ ಸೇರಿದ ವ್ಯವಸ್ಥೆ. ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟು ಇದಕ್ಕೆ ಎತ್ತಿಕೊಳ್ಳುವ ಹಳೆಯ ಉದಾಹರಣೆ. 1962ರ ಅಕ್ಟೋಬರ್ 16ರಂದು ಕ್ಯೂಬಾದಲ್ಲಿದ್ದ ಸೋವಿಯತ್ ಕ್ಷಿಪಣಿಗಳ ಛಾಯಾಚಿತ್ರ ಅಮೆರಿಕದ ಅಧ್ಯಕ್ಷ ಕೆನಡಿಯ ಮೇಜಿಗೆ ಬಂತು. 28ರಂದು ಅವನ್ನು ಕಿತ್ತುಕೊಂಡು ಹೋಗುವುದಾಗಿ ಸೋವಿಯತ್ ನಾಯಕ ಕ್ರುಶ್ಚೇವ್ ಸಾರಿದ. ನಡುವಿನ ಹದಿಮೂರು ದಿನವನ್ನು ಮೂರು ಸಲ ಹೇಳಬಹುದು. ವ್ಯಕ್ತಿಯ ಹಂತದಲ್ಲಿ, ಹಿಂದಿನ ವರ್ಷ ಕ್ಯೂಬಾದ ಮೇಲಿನ ದಾಳಿಯಲ್ಲಿ ಸೇನಾಧಿಕಾರಿಗಳ ಮಾತು ನಂಬಿ ಕೈಸುಟ್ಟುಕೊಂಡಿದ್ದ ಅಧ್ಯಕ್ಷ ಈ ಸಲ ಅವರ ಮಾತನ್ನು ಸುಲಭವಾಗಿ ಒಪ್ಪಲಿಲ್ಲ. ದೇಶದ ಹಂತದಲ್ಲಿ, ನವೆಂಬರ್‌ನಲ್ಲಿ ಅಮೆರಿಕದ ಸಂಸತ್ತಿಗೆ ಚುನಾವಣೆ ಇತ್ತು. ಅಧ್ಯಕ್ಷ ಮೆತ್ತಗೆ ಕಾಣುವಂತಿರಲಿಲ್ಲ. ಮೇಲಿನ ಹಂತದಲ್ಲಿ, ಸೋವಿಯತ್ ಗಡಿಗೆ ಅಂಟಿಕೊಂಡ ಟರ್ಕಿಯಲ್ಲಿ ಅಮೆರಿಕದ ಕ್ಷಿಪಣಿಗಳು ಆಗಲೇ ಇದ್ದವು. ಅವನ್ನು ತೆಗೆಯುವ ಗುಟ್ಟಿನ ಮಾತೂ ರಾಜಿಯಲ್ಲಿ ಸೇರಿತ್ತು. ಮೂರನೆಯ ಸಲ ಹೇಳುವ ಹೊತ್ತಿಗೆ ಮಾಸ್ಕೋದ ಕಿಟಕಿಯಿಂದ ವಾಷಿಂಗ್ಟನ್ ಹೇಗೆ ಕಾಣುತ್ತಿತ್ತು ಎಂಬುದು ವಿದ್ಯಾರ್ಥಿಗೆ ಹೊಳೆಯುತ್ತದೆ.

ಸಹಕಾರ ಏಕೆ ಕಷ್ಟ ಎಂಬುದನ್ನು ಕಲಿಸಲು ಇಸ್ಪೀಟು ಎಲೆ ಸಾಕು. ಇಬ್ಬಿಬ್ಬರ ಜೋಡಿ, ಒಬ್ಬೊಬ್ಬರ ಕೈಯಲ್ಲಿ ಒಂದು ಕೆಂಪು ಎಲೆ, ಒಂದು ಕಪ್ಪು ಎಲೆ. ಮಾತಾಡುವಂತಿಲ್ಲ. ಎಣಿಸಿದ ಕೂಡಲೇ ಇಬ್ಬರೂ ಒಂದೊಂದು ಎಲೆ ಮೇಜಿನ ಮೇಲಿಡಬೇಕು. ಇಬ್ಬರೂ ಕಪ್ಪು ಇಟ್ಟರೆ ತಲಾ 3 ಅಂಕ. ಒಬ್ಬರು ಕಪ್ಪು, ಇನ್ನೊಬ್ಬರು ಕೆಂಪು ಇಟ್ಟರೆ ಕೆಂಪಿನವರಿಗೆ 5, ಕಪ್ಪಿನವರಿಗೆ ಸೊನ್ನೆ. ಇಬ್ಬರೂ ಕೆಂಪು ಇಟ್ಟರೆ ತಲಾ 1. ಎದುರಿನವರು ಏನೇ ಇಡಲಿ, ತನಗೆ ಕೆಂಪೇ ಲಾಭ ಎಂದು ಲೆಕ್ಕ ಹೇಳುತ್ತದೆ. ಇಬ್ಬರೂ ಆ ಲೆಕ್ಕ ನಂಬಿದರೆ ಇಬ್ಬರೂ ಮೂರರ ಬದಲು ಒಂದಕ್ಕೆ ಇಳಿಯುತ್ತಾರೆ. ಕೈದಿಗಳ ಇಕ್ಕಟ್ಟು ಎಂದು ಹೆಸರಾದ ಈ ಲೆಕ್ಕ 1950ರ ಸುಮಾರಿಗೆ ಅಮೆರಿಕದಲ್ಲಿ ರೂಪುಗೊಂಡಿತು. ಶಸ್ತ್ರಾಸ್ತ್ರ ಪೈಪೋಟಿಯ ಎಲುಬುಗೂಡು ಇದೇ.

ಆಟವನ್ನು ಹತ್ತು ಸುತ್ತು ಆಡಿಸಿದರೆ ಚಿತ್ರ ಬದಲಾಗುತ್ತದೆ. ಮೊದಲೆರಡು ಸುತ್ತಿನಲ್ಲಿ ಮೋಸ ಹೋದವರು ಮರುಸುತ್ತಿನಲ್ಲಿ ಕೆಂಪು ಇಟ್ಟು ತೀರಿಸಿಕೊಳ್ಳುತ್ತಾರೆ. ಆಮೇಲೆ ಹಲವು ಜೋಡಿಗಳು ಕಣ್ಣಿನಲ್ಲೇ ಒಪ್ಪಿಕೊಂಡು ಕಪ್ಪಿಗೆ ಬರುತ್ತವೆ. ಇದೇ ಕೊನೆಯ ಸುತ್ತು ಎಂದು ಸಾರಿದೊಡನೆ ಮೇಜುಗಳ ಮೇಲೆ ಮತ್ತೆ ಕೆಂಪು ಎಲೆಗಳು ಬೀಳುತ್ತವೆ. ನಾಳೆಯೂ ಮುಖ ನೋಡಬೇಕು ಎಂಬ ಅರಿವು ಇದ್ದಷ್ಟು ದಿನ ಸಹಕಾರ ನಿಲ್ಲುತ್ತದೆ. ರಾಜ್ಯಶಾಸ್ತ್ರಜ್ಞ ರಾಬರ್ಟ್ ಆಕ್ಸೆಲ್‌ರಾಡ್ ಇದೇ ಆಟದ ಕಂಪ್ಯೂಟರ್ ಪಂದ್ಯ ಏರ್ಪಡಿಸಿದಾಗ ಗೆದ್ದದ್ದು ಅನಾಟೊಲ್ ರಾಪೊಪೋರ್ಟ್ ಕಳಿಸಿದ, ಎಲ್ಲಕ್ಕಿಂತ ಸರಳವಾದ ತಂತ್ರ: ಮೊದಲ ಸುತ್ತಿನಲ್ಲಿ ನಂಬು, ಆಮೇಲೆ ಎದುರಿನವನು ಹಿಂದಿನ ಸುತ್ತಿನಲ್ಲಿ ಮಾಡಿದ್ದನ್ನೇ ಮಾಡು.

ಶಿಬಿರದ ತಿರುಳು ಮಾತ್ರ ಅಣಕು ಸಭೆ. ಕರ್ನಾಟಕದ ಶಾಲೆಗಳಲ್ಲಿ ಅಣಕು ಸಂಸತ್ತು ನಡೆಯುವಂತೆ ಇಲ್ಲಿ ಅಣಕು ವಿಶ್ವಸಂಸ್ಥೆ. ರಾಷ್ಟ್ರಸಂಘದ ಕಾಲದಲ್ಲೇ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಅಣಕು ರಾಷ್ಟ್ರಸಂಘಗಳು ನಡೆಯುತ್ತಿದ್ದವು. ವಿಶ್ವಸಂಸ್ಥೆ ಬಂದ ಮೇಲೆ, 1950ರ ದಶಕದಿಂದ, ಹೈಸ್ಕೂಲು ಮಕ್ಕಳಿಗೂ ಅದು ವ್ಯಾಪಿಸಿತು. ಪ್ರತಿ ವಿದ್ಯಾರ್ಥಿಗೂ ಒಂದು ದೇಶದ ಹೆಸರಿನ ಫಲಕ. ಮಾತು ಬೇಕಾದರೆ ಫಲಕ ಎತ್ತಬೇಕು, ಅಧ್ಯಕ್ಷರು ಕರೆದಾಗ ಕೊಟ್ಟ ನಿಮಿಷದೊಳಗೆ ಮುಗಿಸಬೇಕು. ನಡುವೆ ಸಭೆಗೆ ಬಿಡುವು ಕೊಡುತ್ತಾರೆ. ಆಗ ಎದ್ದು ಓಡಾಡಿ ಬೆಂಬಲ ಕೂಡಿಸಬೇಕು. ಕರಡು ಬರೆಯಬೇಕು, ತಿದ್ದುಪಡಿ ತರಬೇಕು, ಕೊನೆಗೆ ಮತ. ಸ್ವಂತ ಅಭಿಪ್ರಾಯಕ್ಕೆ ಇಲ್ಲಿ ಜಾಗವಿಲ್ಲ. ಕುರ್ಚಿ ಯಾವ ದೇಶದ್ದೋ ಮಾತು ಆ ದೇಶದ್ದು.

ಕರಾವಳಿ ಮಲೆನಾಡುಗಳ ತಾಳಮದ್ದಳೆಯನ್ನು ಕಂಡವರಿಗೆ ಈ ಶಿಸ್ತು ಹೊಸದಲ್ಲ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ ಮುಗಿದೊಡನೆ ಅರ್ಥಧಾರಿ ಕೂತಲ್ಲೇ ಮಾತಿಗೆ ತೊಡಗುತ್ತಾನೆ. ಕೃಷ್ಣ ಸಂಧಾನದ ಪ್ರಸಂಗದಲ್ಲಿ ಇವತ್ತು ಕೌರವನಾದವನು ನಾಳೆ ಇನ್ನೊಂದು ಊರಿನಲ್ಲಿ ಕೃಷ್ಣನಾಗಬಹುದು. ಕೌರವನ ಅರ್ಥ ಹೇಳುವವನು ಕೌರವನಿಗೂ ಒಂದು ನ್ಯಾಯವಿದೆ ಎಂದು ಸಭೆಗೆ ಅನ್ನಿಸುವಂತೆ ಹೇಳಬೇಕು. ಇಲ್ಲವಾದರೆ ಕೃಷ್ಣನ ಮಾತಿಗೂ ಕಳೆ ಬರುವುದಿಲ್ಲ. ಅಣಕು ಸಭೆಯ ವಿದ್ಯಾರ್ಥಿಗೂ ಬೇಕಾದದ್ದು ಇದೇ ಸಿದ್ಧತೆ.

ಒಳ್ಳೆಯ ಅಣಕು ಸಭೆಗೆ ನಡೆದ ಘಟನೆಯೇ ಮೇಲು. 1950ರ ಜೂನ್ ತಿಂಗಳ ಭದ್ರತಾ ಮಂಡಳಿ ಅಂಥದ್ದು. ಆಗ ಮಂಡಳಿಯಲ್ಲಿ ಹನ್ನೊಂದು ಕುರ್ಚಿ. ಈಗಿನ ಹದಿನೈದು ಆದದ್ದು 1965ರಲ್ಲಿ. ಆ ತಿಂಗಳ ಅಧ್ಯಕ್ಷ ಸ್ಥಾನ ಭಾರತದ ಪಾಲಿಗೆ ಬಂದಿತ್ತು. ಕೂತಿದ್ದವರು ಮಂಗಳೂರಿನಲ್ಲಿ ಹುಟ್ಟಿದ, ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನೆಗಲ್ ನರಸಿಂಗ ರಾವ್. ಜೂನ್ 25ರಂದು ಉತ್ತರ ಕೊರಿಯಾದ ಸೇನೆ ದಕ್ಷಿಣಕ್ಕೆ ನುಗ್ಗಿತು. ಅಂದೇ ಸೇರಿದ ಮಂಡಳಿ, ಸೇನೆ ಹಿಂದೆ ಸರಿಯಲಿ ಎಂಬ ಗೊತ್ತುವಳಿಯನ್ನು 9 ಮತಗಳಿಂದ ಒಪ್ಪಿತು; ಭಾರತ ಪರವಾಗಿತ್ತು. ಸೋವಿಯತ್ ಕುರ್ಚಿ ಖಾಲಿ ಇತ್ತು. ಚೀನಾದ ಸ್ಥಾನ ಬೀಜಿಂಗ್ ಸರ್ಕಾರಕ್ಕೆ ಸಲ್ಲಬೇಕೆಂದು ಹಟ ಹಿಡಿದು ಜನವರಿಯಿಂದಲೇ ಅವರು ಹೊರಗುಳಿದಿದ್ದರು. ಕೂತಿದ್ದರೆ ಒಂದು ವೀಟೊ ಎಲ್ಲವನ್ನೂ ನಿಲ್ಲಿಸುತ್ತಿತ್ತು.

ಜೂನ್ 27ಕ್ಕೆ ಎರಡನೆಯ ಗೊತ್ತುವಳಿ ಬಂತು: ದಕ್ಷಿಣ ಕೊರಿಯಾಕ್ಕೆ ಸದಸ್ಯ ದೇಶಗಳು ನೆರವು ನೀಡಲಿ ಎಂಬುದು. ಪಾಸಾಗಲು 7 ಮತ ಬೇಕಿತ್ತು. ಬಿದ್ದದ್ದು ಸರಿಯಾಗಿ 7. ಯುಗೊಸ್ಲಾವಿಯ ವಿರೋಧಿಸಿತು. ಭಾರತ ಮತ್ತು ಈಜಿಪ್ಟ್ ಮತ ಹಾಕಲಿಲ್ಲ. ಅವುಗಳ ಪ್ರತಿನಿಧಿಗಳಿಗೆ ತಮ್ಮ ಸರ್ಕಾರದ ಸೂಚನೆ ಇನ್ನೂ ಬಂದಿರಲಿಲ್ಲ. ಒಂದೆರಡು ದಿನದಲ್ಲಿ ಭಾರತ ಆ ಗೊತ್ತುವಳಿಯನ್ನು ಒಪ್ಪಿಕೊಂಡಿತು, ಆದರೆ ಕಳಿಸಿದ್ದು ಕಾದಾಡುವ ಪಡೆಯನ್ನಲ್ಲ, ಸೇನೆಯ ವೈದ್ಯಕೀಯ ತಂಡವನ್ನು. ಈ ಘಟನೆಯನ್ನು ಆಡಿಸುವಾಗ ಭಾರತದ ಫಲಕ ಹಿಡಿದ ವಿದ್ಯಾರ್ಥಿಗೆ ಕಷ್ಟ ಅರ್ಥವಾಗುತ್ತದೆ. ಒಂದು ಕಡೆ ಆಕ್ರಮಣ ನಡೆದದ್ದು ನಿಜ. ಇನ್ನೊಂದು ಕಡೆ ಚೀನಾವನ್ನು ಆಗಷ್ಟೇ ಮಾನ್ಯ ಮಾಡಿದ, ಎರಡೂ ಬಣಗಳಿಂದ ದೂರವಿರಬೇಕೆನ್ನುವ ಹೊಸ ಗಣರಾಜ್ಯ. ಗಡಿಯಾರ ಓಡುತ್ತಿದೆ, ದೆಹಲಿಯ ತಂತಿ ಬಂದಿಲ್ಲ. ಎದುರಿಗೆ ಸೋವಿಯತ್ ಫಲಕ ಪಡೆದ ಹುಡುಗ ಬಾಗಿಲ ಹೊರಗೆ ನಿಂತು, ಒಳಗಿಲ್ಲದೆ ಇರುವುದರ ಬೆಲೆ ಎಷ್ಟೆಂದು ಕಲಿಯುತ್ತಾನೆ. ಆ ವರ್ಷ ಆಗಸ್ಟ್ 1ಕ್ಕೆ ಸೋವಿಯತ್ ಪ್ರತಿನಿಧಿ ನಿಜವಾಗಿಯೂ ವಾಪಸು ಬಂದು ಕೂತರು.

ಕರಡು ಬರೆಯುವಾಗ ಪದಗಳ ತೂಕ ತಿಳಿಯುತ್ತದೆ. ಗೊತ್ತುವಳಿಯ ಪ್ರತಿ ವಾಕ್ಯಕ್ಕೂ ಕ್ರಿಯಾಪದವೇ ಪ್ರಾಣ: ಗಮನಿಸುತ್ತದೆ, ಕಳವಳಪಡುತ್ತದೆ, ಒತ್ತಾಯಿಸುತ್ತದೆ, ಖಂಡಿಸುತ್ತದೆ, ತೀರ್ಮಾನಿಸುತ್ತದೆ. ಕೊರಿಯಾದ ಗೊತ್ತುವಳಿಯಲ್ಲಿ ಮಂಡಳಿ ನೆರವಿಗೆ ಶಿಫಾರಸು ಮಾಡಿತೇ ಹೊರತು ಆಜ್ಞೆ ಮಾಡಲಿಲ್ಲ. ಕ್ಯೂಬಾವನ್ನು ಸುತ್ತುಗಟ್ಟಿದ ಕೆನಡಿ ಅದನ್ನು ದಿಗ್ಬಂಧನ ಎನ್ನದೆ ಕ್ವಾರಂಟೈನ್ ಎಂದರು, ಏಕೆಂದರೆ ಕಾನೂನಿನ ಕಣ್ಣಲ್ಲಿ ದಿಗ್ಬಂಧನವೆಂದರೆ ಯುದ್ಧ. 1948ರ ಮಾನವ ಹಕ್ಕುಗಳ ಘೋಷಣೆಯ ಮೊದಲ ವಿಧಿಯ ಕರಡಿನಲ್ಲಿ ಎಲ್ಲ ಪುರುಷರೂ ಎಂಬರ್ಥ ಬರುವ ಮಾತಿತ್ತು. ಭಾರತದ ಹಂಸಾ ಮೆಹ್ತಾ ಪಟ್ಟು ಹಿಡಿದು ಅದನ್ನು ಎಲ್ಲ ಮನುಷ್ಯರೂ ಎಂದು ಬದಲಿಸಿದರು.

ಎಲ್ಲಕ್ಕಿಂತ ಹೆಸರಾದ ಉದಾಹರಣೆ ಭದ್ರತಾ ಮಂಡಳಿಯ 1967ರ ನವೆಂಬರ್ 22ರ 242ನೆಯ ಗೊತ್ತುವಳಿ. ಆ ವರ್ಷದ ಯುದ್ಧದಲ್ಲಿ ಹಿಡಿದ ಪ್ರದೇಶಗಳಿಂದ ಇಸ್ರೇಲ್ ಸೇನೆ ಹಿಂದೆ ಸರಿಯಬೇಕೆಂದು ಅದು ಹೇಳುತ್ತದೆ. ಇಂಗ್ಲಿಷ್ ಪಠ್ಯದಲ್ಲಿ ಪ್ರದೇಶಗಳು ಎಂಬ ಪದದ ಹಿಂದೆ ಆ ಎಂಬರ್ಥದ ಪುಟ್ಟ ಪದವಿಲ್ಲ. ಹಾಗಾಗಿ ಎಲ್ಲ ಪ್ರದೇಶವೆಂದೇನೂ ಅಲ್ಲ ಎನ್ನುತ್ತದೆ ಇಸ್ರೇಲ್. ಫ್ರೆಂಚ್ ಪಠ್ಯದಲ್ಲಿ ಅದು ಇದೆ. ಹಾಗಾಗಿ ಹಿಡಿದದ್ದೆಲ್ಲವೂ ಎನ್ನುತ್ತವೆ ಅರಬ್ ದೇಶಗಳು. ಕನ್ನಡದಲ್ಲಿ ಹಿಡಿದ ಪ್ರದೇಶಗಳಿಂದ ಎಂದು ಬರೆದರೂ ಅದೇ ಸಂದಿಗ್ಧ ಹಾಗೇ ಉಳಿಯುತ್ತದೆ. ಎರಡು ಕುರ್ಚಿಯವರೂ ಸಹಿ ಮಾಡಬಲ್ಲ ಪದ ಎಷ್ಟೋ ಸಲ ಎರಡು ಅರ್ಥದ್ದೇ ಆಗಿರುತ್ತದೆ.

ಹಣದ ಲೋಕದ ಪಾಠ ಇದಕ್ಕಿಂತ ಚಿಕ್ಕದು, ಆದರೆ ಬೇಕಾದದ್ದು. ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 193 ದೇಶಗಳಿಗೂ ಒಂದೊಂದೇ ಮತ. ನೌರುವಿನದೂ ಒಂದು, ಚೀನಾದದೂ ಒಂದು. ಅಂತರರಾಷ್ಟ್ರೀಯ ಹಣಕಾಸು ನಿಧಿಯಲ್ಲಿ ಮತದ ತೂಕ ಕಟ್ಟಿದ ಹಣಕ್ಕೆ ತಕ್ಕಷ್ಟು. ದೊಡ್ಡ ತೀರ್ಮಾನಗಳಿಗೆ ಅಲ್ಲಿ ಶೇಕಡ 85 ಮತ ಬೇಕು. ಅಮೆರಿಕದ ಪಾಲು ಶೇಕಡ 16ಕ್ಕೂ ಹೆಚ್ಚು. ಅಂದರೆ ವೀಟೊ ಎಂಬ ಹೆಸರಿಲ್ಲದೆಯೂ ಅಲ್ಲೊಂದು ವೀಟೊ ಇದೆ.

ಬೇರೆ ಬಗೆಯ ಬೇಸಿಗೆ ಶಿಬಿರವೂ ಉಂಟು. ಪತ್ರಕರ್ತ ಜಾನ್ ವಾಲಕ್ 1993ರಲ್ಲಿ ಸೀಡ್ಸ್ ಆಫ್ ಪೀಸ್ ಎಂಬ ಸಂಸ್ಥೆ ಕಟ್ಟಿ, ಇಸ್ರೇಲ್, ಪ್ಯಾಲೆಸ್ಟೈನ್, ಈಜಿಪ್ಟ್‌ಗಳ 46 ಮಕ್ಕಳನ್ನು ಮೇನ್ ರಾಜ್ಯದ ಕಾಡಿನ ಶಿಬಿರಕ್ಕೆ ಕರೆತಂದರು. 2001ರಿಂದ ಭಾರತ ಮತ್ತು ಪಾಕಿಸ್ತಾನದ ಮಕ್ಕಳೂ ಹೋಗತೊಡಗಿದರು. ಅಲ್ಲಿ ಫಲಕವಿಲ್ಲ, ಪಾತ್ರವಿಲ್ಲ. ತನ್ನ ಮನೆಯಲ್ಲಿ ಕೇಳಿ ಬೆಳೆದ ಇತಿಹಾಸವನ್ನು ಎದುರಿನ ದೇಶದ ಮಗುವಿನ ಮುಂದೆ ಹೇಳಬೇಕು, ಅದರ ಇತಿಹಾಸವನ್ನು ಕೇಳಿಸಿಕೊಳ್ಳಬೇಕು. ಒಂದೇ ವರ್ಷ, ಒಂದೇ ಗಡಿ, ಎರಡು ಕಥೆ. ವಿಶ್ವವಿದ್ಯಾಲಯದ ಶಿಬಿರ ಇನ್ನೊಬ್ಬರ ಕುರ್ಚಿಯನ್ನು ಬುದ್ಧಿಯಿಂದ ಪರಿಚಯಿಸಿದರೆ, ಇದು ಆ ಕುರ್ಚಿಯಲ್ಲಿ ನಿಜವಾಗಿ ಕೂತವರ ಪಕ್ಕದಲ್ಲೇ ಮಲಗಿಸಿ ಪರಿಚಯಿಸುತ್ತದೆ.

ಈ ಶಿಬಿರಗಳಿಗೆ ಮಿತಿಗಳಿವೆ. ಅಣಕು ಸಭೆಯಲ್ಲಿ ಶುಕ್ರವಾರ ಸಂಜೆಯೊಳಗೆ ಗೊತ್ತುವಳಿ ಪಾಸಾಗಲೇಬೇಕು. ನಿಜಲೋಕದಲ್ಲಿ ಸಮುದ್ರ ಕಾನೂನಿನ ಸಮ್ಮೇಳನ 1973ರಿಂದ 1982ರವರೆಗೆ ಒಂಬತ್ತು ವರ್ಷ ನಡೆಯಿತು. ಒಪ್ಪಂದ ಜಾರಿಗೆ ಬರಲು ಇನ್ನೂ ಹನ್ನೆರಡು ವರ್ಷ ಹಿಡಿಯಿತು. ಅಣಕು ಸಭೆಯಲ್ಲಿ ಇಂಗ್ಲಿಷ್ ಸರಾಗವಾಗಿ ಬರುವವರ ದೇಶ ದೊಡ್ಡದಾಗುತ್ತದೆ, ತಡವರಿಸುವವರ ದೇಶ ಚಿಕ್ಕದಾಗುತ್ತದೆ. ಶುಲ್ಕ ಸಾವಿರಾರು ಡಾಲರ್. ವಿದ್ಯಾರ್ಥಿವೇತನಗಳಿದ್ದರೂ ಕೇಳುವವರು ಹೆಚ್ಚು, ಸಿಗುವುದು ಕೆಲವರಿಗೆ. ಶಿಬಿರಕ್ಕೆ ಸೀಟು ಸಿಕ್ಕಿತೆಂದರೆ ಮುಂದೆ ಅದೇ ವಿಶ್ವವಿದ್ಯಾಲಯದ ಪದವಿಗೆ ದಾರಿ ತೆರೆಯಿತು ಎಂದು ಪೋಷಕರು ತಿಳಿಯುವುದುಂಟು. ಎರಡರ ಆಯ್ಕೆಯೂ ಬೇರೆ ಬೇರೆ. ಒಂದರಿಂದ ಇನ್ನೊಂದಕ್ಕೆ ಖಾತ್ರಿ ಏನೂ ಇಲ್ಲ.

ಕರ್ನಾಟಕದ ವಿದ್ಯಾರ್ಥಿಗೆ ಕ್ಯಾಲೆಂಡರಿನದೂ ಒಂದು ತೊಡಕು. ಇಲ್ಲಿನ ಬೇಸಿಗೆ ರಜೆ ಏಪ್ರಿಲ್ ಮತ್ತು ಮೇ. ಅಲ್ಲಿ ಶಿಬಿರ ತೆರೆಯುವ ಹೊತ್ತಿಗೆ ಇಲ್ಲಿ ಶಾಲೆ ಆರಂಭವಾಗಿ ಪಾಠಗಳು ನಡೆಯುತ್ತಿರುತ್ತವೆ. ಹಾಗೆಂದು ವಿಷಯ ದೂರದ್ದೇನಲ್ಲ. ಹತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ಭಾರತದ ವಿದೇಶಾಂಗ ನೀತಿ, ನೆರೆಹೊರೆಯ ಸಂಬಂಧ, ವಿಶ್ವಸಂಸ್ಥೆಯ ಅಂಗಗಳು ಬರುತ್ತವೆ. ಅಂಗಗಳ ಹೆಸರನ್ನು ಪಟ್ಟಿಯಾಗಿ ಒಪ್ಪಿಸುವ ಮಕ್ಕಳನ್ನು ಆ ಅಂಗದೊಳಗೆ ಕೂರಿಸುವುದಷ್ಟೇ ಬಾಕಿ. ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಭಾರತದ ಭಾಷೆ ಯಾವುದೂ ಇಲ್ಲ. ಆದರೂ ಮಾನವ ಹಕ್ಕುಗಳ ಘೋಷಣೆಯ ಕನ್ನಡ ಅನುವಾದ ಲಭ್ಯವಿದೆ, ಭದ್ರತಾ ಮಂಡಳಿಯ ಹಳೆಯ ಗೊತ್ತುವಳಿಗಳೆಲ್ಲ ಇಂಟರ್ನೆಟ್ಟಿನಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಅಣಕು ಸಂಸತ್ತು ನಡೆಸಿ ರೂಢಿಯಿರುವ ಶಾಲೆಗೆ ಅಣಕು ಭದ್ರತಾ ಮಂಡಳಿ ಕಷ್ಟವಲ್ಲ, ಅದೂ ಕನ್ನಡದಲ್ಲೇ ನಡೆದರೆ ಭಾಷೆಯಿಂದ ದೇಶ ಚಿಕ್ಕದಾಗುವ ತೊಂದರೆಯೂ ತಪ್ಪುತ್ತದೆ.

ಅದಕ್ಕೆ ಬೇಕಾದದ್ದು ಹದಿನೈದು ಕುರ್ಚಿ, ಹದಿನೈದು ರಟ್ಟಿನ ಫಲಕ, ಓದಿ ಬರಲು ಒಂದು ನಡೆದ ಘಟನೆ, ಗಡಿಯಾರ ನೋಡುವ ಒಬ್ಬ ಅಧ್ಯಕ್ಷ. ನಿಯಮ ಎರಡು. ಮೊದಲ ದಿನ ಯಾರಿಗೂ ಅವರು ಕೇಳಿದ ದೇಶ ಕೊಡಬಾರದು. ಕೊನೆಯ ದಿನ ಫಲಕ ವಾಪಸು ಪಡೆಯುವ ಮುನ್ನ ಪ್ರತಿಯೊಬ್ಬರೂ ಒಂದು ಪುಟ ಬರೆಯಬೇಕು: ತಾನು ಕೂತ ಕುರ್ಚಿಯ ದೇಶಕ್ಕೆ ಏನು ಬೇಕಿತ್ತು, ಏನು ಸಿಕ್ಕಿತು, ಯಾವುದನ್ನು ಬಿಟ್ಟುಕೊಡಲು ಅದಕ್ಕೆ ಸಾಧ್ಯವೇ ಇರಲಿಲ್ಲ.